ಮಾವನ ಬ್ಯಾಟರಿ, ಅವ್ವನ ದನಿ

ಕರೆಂಟು ಹೋದರೆ ರೋಣದಲ್ಲಿ ಎಲ್ಲರೂ ಬೈಯುತ್ತಾರೆ. ಖುಷಿಯಿಂದ ಚಪ್ಪಲಿ ಮೆಟ್ಟಿ ಹೊರಡುವವನು ಒಬ್ಬನೇ, ನಮ್ಮ ಸೋದರಮಾವ! ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಅವನಿಗೆ ಸದ್ದು ಹಿಡಿಯುವ ಹುಚ್ಚು ಹತ್ತಿದೆ. ಕರೆಂಟು ಹೋದರೆ ಊರಿನ ಗದ್ದಲ ಅಡಗುತ್ತದಲ್ಲ! ಕೈಯಲ್ಲಿ ರೆಕಾರ್ಡರ್, ಮೈಕು, ಕಿವಿಗೆ ಹೆಡ್‌ಫೋನು. ನರಗುಂದದ ಪೇಟೆಯಲ್ಲಿ ಕಾಳು ಸುರಿಯುವ ಸದ್ದು, ರಾಜೂರಿನ ಹೊಲದಲ್ಲಿ ಜೋಳದ ಗರಿ ಉಜ್ಜಾಡುವ ಸದ್ದು, ಯಾವುದನ್ನೂ ಬಿಟ್ಟವನಲ್ಲ. ಆದರೆ ರೆಕಾರ್ಡರನ್ನು ಗೋಡೆಯ ಪ್ಲಗ್ಗಿಗೆ ಚುಚ್ಚುವುದು ಮಾತ್ರ ಮಹಾಪಾಪ. ಚುಚ್ಚಿದರೆ ಒಳಗೆ ‘ಗುಂಯ್’ ಅನ್ನುತ್ತದಂತೆ. ನಮಗೆ ಕೇಳಿಸದಿದ್ದರೆ ಅದು ನಮ್ಮ ಕಿವಿಯ ದೋಷ!

ಹೀಗಾಗಿ ಎಲ್ಲ ಜೇಬಿನಲ್ಲೂ ಬ್ಯಾಟರಿ. ಅತ್ತೆ ಒಮ್ಮೆ ಕೇಳಿಯೇಬಿಟ್ಟಳು: “ಆ ಬ್ಯಾಟರಿ ತುಂಬೂದು ಇದ ಪ್ಲಗ್ಗಿನಿಂದ ಅಲ್ಲೇನ್ರಿ?”

“ಹಾಲು ಎಮ್ಮೀದ. ಹಂಗಂತ ಚಾದ ಕಪ್ಪಿನಾಗ ಎಮ್ಮಿ ಕಟ್ಟತೀಯೇನು?”

ಅವತ್ತು ಅತ್ತೆ ಚಹಾ ಕೊಡಲಿಲ್ಲ.

ಗಜೇಂದ್ರಗಡದ ಗುಡ್ಡದ ಮೇಲೆ ಹುಲ್ಲಿನ ಸದ್ದು ಹಿಡಿಯಲು ಹೋದಾಗ ಬ್ಯಾಟರಿ ಮುಗಿಯಿತು. ಸುತ್ತ ಗಾಳಿಯಂತ್ರಗಳು ಗಿರಗಿರ ತಿರುಗುತ್ತಿವೆ. ಕುರಿ ಮೇಯಿಸುತ್ತಿದ್ದವನಿಗೆ ತಡೆಯಲಾಗಲಿಲ್ಲ: “ಇಷ್ಟ ಫ್ಯಾನ್ ಕರೆಂಟ್ ಮಾಡಾಕತ್ತಾವ, ನಿಮ್ಮ ಡಬ್ಬಿಗೆ ಸಾಕಾಗವಲ್ದೇನ್ರಿ ಸರ?”

ನಾವು ನಕ್ಕೆವು. ಮಾವ ನಗಲಿಲ್ಲ.

ನಗು ನಿಂತದ್ದು ಅವ್ವನ ಗಂಟಲಲ್ಲಿ ಗಡ್ಡೆ ಎಂದು ಗೊತ್ತಾದಾಗ. ಆಪರೇಷನ್ ಆದರೆ ಜೀವ ಉಳಿಯುತ್ತದೆ, ದನಿ ಉಳಿಯುವ ಭರವಸೆ ಇಲ್ಲ ಎಂದರು ಹುಬ್ಬಳ್ಳಿಯ ಡಾಕ್ಟರು. ಮಾವ ಓಡಿ ಬಂದ. ಅವ್ವ ಬೀಸುತ್ತ ಹಾಡಿದ ಪದ ಕೇಳುತ್ತ ಅವಳ ತೊಡೆಯ ಮೇಲೆ ಮಲಗಿ ಬೆಳೆದವನು ಅವನು. ಊರೂರಿನ ಸದ್ದು ಹಿಡಿದವನು ಅಕ್ಕನ ದನಿಯನ್ನೇ ಹಿಡಿದಿರಲಿಲ್ಲ! ಬೇಕೆಂದಾಗ ಕೇಳುವ ದನಿ ಎಲ್ಲಿಗೆ ಹೋಗುತ್ತದೆ ಎಂದುಕೊಂಡಿದ್ದನೋ ಏನೋ.

ಆಪರೇಷನ್ನಿಗೆ ಹೊರಡುವ ಹಿಂದಿನ ದಿನ ಆ ಪದ ಹಿಡಿಯಲು ಕೂತ. ಫ್ರಿಜ್ಜು, ಫ್ಯಾನು ಎಲ್ಲ ಬಂದ್. ಅವ್ವ ಪದ ಶುರು ಮಾಡಿದಳು.

“ತಡಿ ಅಕ್ಕಾ, ಟ್ರ್ಯಾಕ್ಟರ್ ಹೊಂಟೈತಿ.”

ಮತ್ತೆ ಶುರು ಮಾಡಿದಳು.

“ತಡಿ, ಗುಬ್ಬಿ ಒದರಾಕತ್ತಾವ.”

ಜಗತ್ತು ಸುಮ್ಮನಾಗಲೆಂದು ಮುಂಜಾನೆಯಿಡೀ ಕಾದ. ಬೇರೆ ಸದ್ದು ಬೆರೆತದ್ದನ್ನೆಲ್ಲ ಅಳಿಸುತ್ತ ಹೋದ, ರೆಕಾರ್ಡರ್ ಚಾಲೂ ಇದ್ದೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಇದ್ದಬದ್ದ ಬ್ಯಾಟರಿಗಳೆಲ್ಲ ಖಾಲಿ. ಅಷ್ಟರಲ್ಲಿ ಅವ್ವನ ಗಂಟಲೂ ಸೋತಿತ್ತು. ಮಾವ ವೈರನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿ ರೆಕಾರ್ಡರ್ ಮತ್ತೆ ಚಾಲೂ ಮಾಡಿದ. ಹೆಡ್‌ಫೋನಿನಲ್ಲಿ ಅದೇ ಗುಂಯ್. ಹೆಡ್‌ಫೋನು ತೆಗೆದಿಟ್ಟು ಕೂಸಿನಂತೆ ಅತ್ತುಬಿಟ್ಟ.

“ಅಳಬ್ಯಾಡೋ ಹುಚ್ಚಪ್ಪಾ,” ಎಂದಳು ಅವ್ವ, ಒಡಕು ದನಿಯಲ್ಲಿ. “ಪದಾ ಬರದಿದ್ರ ಏನಾತು? ಏಳು, ರೊಟ್ಟಿ ಆರತಾವ. ಉಣ್ಣು ಬಾ ತಮ್ಮಾ.”

ಆ ಗುಂಯ್ ನಡುವೆ ರೆಕಾರ್ಡರ್ ಹಿಡಿದದ್ದು ಈ ಮಾತಷ್ಟೇ.

ಅವ್ವ ಉಳಿದಳು, ದನಿ ಉಳಿಯಲಿಲ್ಲ. ಆ ಗುಂಯ್ ತೆಗೆಯುವ ಸಾಫ್ಟ್‌ವೇರ್ ಇದೆ ಎಂದು ಮಾವನಿಗೆ ಹೇಳಿದೆ.

“ಅದರ ಜೋಡಿ ಅಕ್ಕನ ದನೀನೂ ಒಂದೀಟು ಹೋದ್ರ? ಬ್ಯಾಡ ಬಿಡು,” ಎಂದ.

ಈಗ ಮಾವ ಬಂದಾಗ ಅವ್ವ ತಟ್ಟೆ ಬಡಿದು ಊಟಕ್ಕೆ ಕರೆಯುತ್ತಾಳೆ. ಅವನು ಏಳುವುದಿಲ್ಲ, ಹೆಡ್‌ಫೋನು ಹಾಕಿಕೊಂಡು ಪಡಸಾಲೆಯಲ್ಲಿ ಕೂತಿರುತ್ತಾನೆ. ಮೊದಮೊದಲು ಅವ್ವ ಮತ್ತೆ ಮತ್ತೆ ಬಡಿಯುತ್ತಿದ್ದಳು. ಒಂದು ದಿನ ಅವನು ಹೆಡ್‌ಫೋನನ್ನು ಅವಳ ಕಿವಿಗಿಟ್ಟ. ಅಂದಿನಿಂದ ಒಮ್ಮೆ ಬಡಿದು ಸುಮ್ಮನೆ ಕಾಯುತ್ತಾಳೆ. ರೊಟ್ಟಿ ಆರಿದರೂ ಅವಸರ ಮಾಡುವುದಿಲ್ಲ. ದನಿಯಿದ್ದಾಗ ಅವಳು ಕರೆದದ್ದನ್ನು ಪೂರ್ತಿ ಕೇಳಿದ ಮೇಲೆಯೇ ತಮ್ಮ ಏಳುತ್ತಾನೆ, ಊಟಕ್ಕೆ.