ಗಂಟಿಲ್ಲದ ವೂಫರ್ ಡಬ್ಬ

"ಈ ಸಲ ಗಣಪತಿ ಮೆರವಣಿಗೇಲಿ ನಿಮ್ಮಪ್ಪ ಮೈಕಲ್ಲಿ ನನ್ನ ಹೆಸರು ಕೂಗ್ಲಿಲ್ಲ ಅಂದ್ರೆ ನಾನು ಕೆಂಪರಾಜನೇ ಅಲ್ಲ!" ಅಂತ ಹೆಂಡತಿ ಸುಕನ್ಯನ ಮುಂದೆ ಎದೆ ತಟ್ಟಿ ಶಪಥ ಮಾಡಿದೆ.

"ಹಂಗಾದ್ರೆ ಬೇರೆ ಹೆಸರೊಂದು ಈಗ್ಲೇ ನೋಡಿಟ್ಕೊಳ್ಳಿ," ಅಂದಳು ಅವಳು, ಸೊಪ್ಪು ಬಿಡಿಸ್ತಾ.

ಅವಳಿಗೇನು ಗೊತ್ತು ನನ್ನ ಸಂಕಟ. ಅವರಪ್ಪ, ಅಂದ್ರೆ ನಮ್ಮ ಮಾವ ಮುನಿಶಾಮಿಯವರು, ಕೆ.ಆರ್. ಪುರದ ವಿನಾಯಕ ಸಮಿತಿ ಅಧ್ಯಕ್ಷರು. ವಿಸರ್ಜನೆ ದಿನ ಮೈಕು ಅವರ ಕೈ ಬಿಟ್ಟು ಆಚೀಚೆ ಹೋಗಲ್ಲ. ಯಾರ್ಯಾರು ಏನೇನು ಸೇವೆ ಮಾಡಿದಾರೋ ಅದನ್ನೆಲ್ಲ ದಾರಿಯುದ್ದಕ್ಕೂ ಕೂಗ್ತಾ ಹೋಗ್ತಾರೆ. "ಹೂವಿನ ಅಲಂಕಾರ ಸೇವೆ, ಶ್ರೀಮತಿ ಅಮೃತಮ್ಮನವರು!" ಬಾಳೆಕಂದು ಕಡಿದು ತಂದವನ ಹೆಸರೂ ಇನಿಷಿಯಲ್ ಸಮೇತ ಬರತ್ತೆ. ಬಿಂದಿಗೆ ಹೊತ್ಕೊಂಡು, ಬಾಯಾರಿದವರಿಗೆಲ್ಲ ನೀರು ಕೊಡ್ತಾ ಗಣಪತಿ ಹಿಂದೆ ನಡೆಯೋ ನನ್ನ ಸರದಿ ಬಂದಾಗ ಮಾತ್ರ, "ನೀರಿನ ಸೇವೆ, ನಮ್ಮ ಮಗಳ ಮನೆಯವರು," ಅಂದು ಮುಂದಕ್ಕೆ ಹೋಗಿಬಿಡ್ತಾರೆ. ಬಾಳೆಕಂದಿನವನಿಗೆ ಹೆಸರಿದೆ, ಸ್ವಂತ ಅಳಿಯನಿಗಿಲ್ಲ.

ಹಾಗಂತ ನಾನೇನು ಬರಿಗೈ ದಾಸಯ್ಯ ಅಲ್ಲ. ಕಗ್ಗದಾಸಪುರದಲ್ಲಿ ನಮ್ಮ ರಾಗಿ ಹೊಲ ಸೈಟುಗಳಾದ ಮೇಲೆ ಒಂದು ಫೋರ್ ನಾಟ್ ಸೆವೆನ್ ಲಾರಿ ತಗೊಂಡು, ಅದೇ ಸೈಟುಗಳಿಗೆ ಇಟ್ಟಿಗೆ, ಮರಳು ಹೊಡೀತಿದ್ದೆ. ಉಳಿದ ಒಂದು ಮೂಲೇಲಿ ಅಮ್ಮ ಹಟ ಹಿಡಿದು ಇನ್ನೂ ರಾಗಿ ಬೆಳೀತಿದ್ದಳು. "ಮಾವ, ಈ ವರ್ಷ ಗಣಪತಿನ ನಮ್ಮ ಲಾರೀಲೇ ಕೂರಿಸೋಣ," ಅಂತ ನಾನು ಕೇಳದ ವರ್ಷ ಇಲ್ಲ.

"ಅಳಿಯಂದಿರೇ, ನಿಮ್ಮ ಲಾರೀಲಿ ಸೌಂಡೆಲ್ಲಿದೆ?" ಅನ್ನೋರು ಮಾವ. "ಶಿವಾಜಿನಗರದ ಬಷೀರ್ ಲಾರಿ ಬಂದ್ರೆ ಮಲಗಿದ್ದ ಜನ ಎದ್ದು ಬರ್ತಾರೆ. ನೀವೂ ಸೌಂಡ್ ಮಾಡಿಸ್ಕೊಂಡು ಬನ್ನಿ. ಹೆಸರು ಕೂಗೋಕೆ ನನಗೇನು ಬಾಯಿ ನೋವಾ?"

ಧ್ವನಿವರ್ಧಕ ಸೇವೆ, ಶ್ರೀ ಕೆಂಪರಾಜ್, ಕಗ್ಗದಾಸಪುರ! ಸ್ನಾನದ ಮನೇಲಿ ನಾನೇ ಒಂದು ಸಲ ಕೂಗಿ ನೋಡಿದೆ. ಕೇಳೋಕೆ ಬಹಳ ಚೆನ್ನಾಗಿತ್ತು.

ಬಷೀರ್ ನನಗೆ ಹಳೇ ದೋಸ್ತು. ಅವನಿಗೇ ವಿಷಯ ಹೇಳಿದೆ. "ಅರೆ ಕೆಂಪಣ್ಣ, ಆಂಪ್ಲಿಫೈಯರ್ ತಗೋ, ಗುಮ್ ಅನ್ನೋ ದೊಡ್ಡ ಸ್ಪೀಕರ್, ಅದೇ ವೂಫರ್, ಒಂದು ತಗೋ. ಮರದ ಡಬ್ಬ ನಮ್ಮ ಆಚಾರಿ ಹತ್ರ ಹೊಡೆಸ್ಕೊಡ್ತೀನಿ. ಸೀದಾ ಕೆಲಸ," ಅಂದ. ಸೀದಾ ಕೆಲಸ ಮಾಡೋದಾದ್ರೆ ಅದಕ್ಕೆ ನಾನ್ಯಾಕೆ ಬೇಕು?

ಅಷ್ಟರಲ್ಲಿ ನಾನು ಇಂದಿರಾನಗರದ ಬ್ರೌಸಿಂಗ್ ಸೆಂಟರಲ್ಲಿ ಒಂದು ಅದ್ಭುತ ನೋಡಿಬಿಟ್ಟಿದ್ದೆ. ಎರಡು ಸಾವಿರದ ಮೂರನೇ ಇಸವಿ ಅದು, ನೋಡಿದ್ದೆಲ್ಲ ಅದ್ಭುತವೇ. ಅಮೆರಿಕದವನೊಬ್ಬ ತನ್ನ ಲಾರಿಗೆ ತಾನೇ ಫೈಬರ್ ಗ್ಲಾಸಿನ ವೂಫರ್ ಡಬ್ಬ ಮಾಡ್ಕೊಂಡಿದ್ದ. ಗಾಜಿನ ನಾರಿನ ಚಾಪೆ ಹಾಸೋದು, ರೆಸಿನ್ ಅನ್ನೋ ಅಂಟಿಗೆ ಕೆಲವೇ ತೊಟ್ಟು ಹಾರ್ಡನರ್ ಬೆರೆಸಿ ಮೇಲೆ ಬಳಿಯೋದು. ಒಣಗಿದ್ರೆ ಕಲ್ಲು. ಲಾರಿ ಮೈ ಹೆಂಗಿದ್ಯೋ ಡಬ್ಬಾನೂ ಹಂಗೇ ಆಗತ್ತೆ. ಗಣಪತಿ ಪೀಠಕ್ಕೆ ಜಾಗ ಬಿಟ್ಟು, ಕ್ಯಾಬಿನ್ ಹಿಂದಿನ ಉಬ್ಬುತಗ್ಗಿನ ತಗಡಿಗೆ ಒರಗಿ ಕೂರೋಕೆ ಇದಕ್ಕಿಂತ ಇನ್ನೇನು ಬೇಕು?

"ನಿಮಗೆ ಬಲ್ಬ್ ಬದಲಾಯ್ಸೋಕೆ ಬರಲ್ಲ," ಅಂದಳು ಸುಕನ್ಯ.

"ಬಲ್ಬ್ ಯಾರು ಬೇಕಾದ್ರೂ ಬದಲಾಯ್ಸ್ತಾರೆ ಬಿಡು," ಅಂದೆ.

ಜಗಲಿ ಮೇಲಿನ ಮಂಚದ ಮೇಲೆ ಗಾಜಿನ ಚಾಪೆ ಹರಡಿಕೊಂಡು ಕತ್ತರಿಸೋಕೆ ಕೂತೆ. ನೋಡೋಕೆ ಬೆಳ್ಳಗೆ ಮಿನುಗ್ತಿತ್ತು. ಆ ಮಿನುಗು ನನ್ನ ಕತ್ತು, ಕಂಕುಳು, ಲುಂಗಿ ಎಲ್ಲ ಕಡೆ ಹೋಗಿ ಸಂಸಾರ ಹೂಡಿದ್ದು ಆಮೇಲೆ ಗೊತ್ತಾಯ್ತು. ಕೆರೆತ ಅಂದ್ರೆ ಅಂಥಿಂಥ ಕೆರೆತ ಅಲ್ಲ. ನನ್ನ ಲುಂಗಿ ಮನೆಯವರ ಬಟ್ಟೆ ಜೊತೆ ಒಂದೇ ಬಕೆಟ್ಟಲ್ಲಿ ನೆನೆದಿತ್ತು. ಮಾರನೇ ದಿನದ ಹೊತ್ತಿಗೆ ಮನೆಯವರೆಲ್ಲ ಕೆರೀತಿದ್ದರು.

ಅಮ್ಮ ಆಂಜನಮ್ಮ ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಿಕೊಳ್ತಾ, "ಲೋ ಕೆಂಪ, ನಾಗರಕಲ್ಲಿಗೆ ಹಾಲೆರೀಬೇಕು ಕಣೋ. ಮನೇಗೆ ಏನೋ ದೋಷ ಐತೆ," ಅಂದಳು.

"ದೋಷ ಅಲ್ಲ ಅತ್ತೆ, ನಿಮ್ಮ ಮಗ," ಅಂದಳು ಸುಕನ್ಯ.

ಇಷ್ಟಕ್ಕೇ ನಿಂತಿದ್ರೆ ಪರವಾಗಿರ್ಲಿಲ್ಲ. ಕೆಲಸ ಎಲ್ಲಿಗೆ ಬಂತು ನೋಡೋಣ ಅಂತ ಅವತ್ತೇ ಮಾವ ಬಂದರು. ಗಂಜಿ ಹಾಕಿದ ಬಿಳೀ ಪಂಚೆ, ಇಸ್ತ್ರಿ ಮಾಡಿದ ಬಿಳೀ ಶರ್ಟು. ಬಂದವರೇ ಸೀದಾ ಆ ಮಂಚದ ಮೇಲೆ ಒರಗಿಕೊಂಡರು. "ಮಾವ, ಅಲ್ಲಿ ಬೇಡ..." ಅನ್ನೋಷ್ಟರಲ್ಲಿ ಕಾಲೂ ಮೇಲೆ ಹೋಗಿತ್ತು.

ಸಂಜೆ ಕೆ.ಆರ್. ಪುರದಲ್ಲಿ ಸಮಿತಿ ಮೀಟಿಂಗು. ಯಾರೋ ಹೋದ ವರ್ಷದ ಪ್ರಸಾದದ ಲೆಕ್ಕ ಕೇಳಿದರಂತೆ. ಸರಿಯಾಗಿ ಅದೇ ಹೊತ್ತಿಗೆ ಅಧ್ಯಕ್ಷರಿಗೆ ಕೆರೆತ ಹತ್ತಿಕೊಂಡಿತಂತೆ, ಅದೂ ನಾಲ್ಕು ಜನರ ಮುಂದೆ ಕೆರ್ಕೊಳ್ಳೋ ಹಾಗಿಲ್ಲದ ಜಾಗದಲ್ಲಿ. ಲೆಕ್ಕ ಕೇಳಿದ್ರೆ ಮುನಿಶಾಮಿಯವರು ಕೂತಲ್ಲಿ ಕೂರಲ್ಲ ಅಂತ ಊರೆಲ್ಲ ಮಾತಾಯ್ತು.

ಆಮೇಲೆ ಫೋನ್ ಬಂತು. "ಅಳಿಯಂದಿರೇ," ಅಂದರು ಮಾವ. ಅವರ ದನಿ ಎಷ್ಟು ತಣ್ಣಗಿರತ್ತೋ ನನಗೆ ಅಷ್ಟು ಭಯ. "ಭಾನುವಾರ ನಾಲ್ಕು ಗಂಟೆಗೆ ಮೆರವಣಿಗೆ. ಮೂರಕ್ಕೆ ನಿಮ್ಮ ಲಾರಿ ಸೌಂಡ್ ಮಾಡ್ಕೊಂಡು ಇಲ್ಲಿರ್ಬೇಕು. ಇಲ್ಲ ಅಂದ್ರೆ ಬಷೀರ್ ಲಾರಿ ಇದ್ದೇ ಇದೆ, ನೀವು ಬಿಂದಿಗೆ ತಗೊಂಬನ್ನಿ."

ಬಿಂದಿಗೆ ಅನ್ನೋ ಮಾತು ಕೇಳಿ ನನಗೆ ರಾತ್ರಿ ಊಟ ಸೇರ್ಲಿಲ್ಲ.

ಡಬ್ಬದ ಹಿಂಭಾಗ ಅಷ್ಟು ಹೊತ್ತಿಗೆ ಲಾರಿ ಮೇಲೆ ಗಟ್ಟಿಯಾಗಿ ಕೂತಿತ್ತು. ಎಷ್ಟು ಗಟ್ಟಿ ಅಂದ್ರೆ, ಕೆಳಗೆ ಮೇಣ ಹಚ್ಚೋದು ಮರೆತಿದ್ದರಿಂದ ತಗಡಿಗೇ ಅಂಟಿಕೊಂಡುಬಿಟ್ಟಿತ್ತು. ಕಳ್ಳ ಕದ್ರೆ ಲಾರಿ ಸಮೇತ ಕದೀಬೇಕು. ಇನ್ನು ಮುಂಭಾಗಕ್ಕೆ ದಪ್ಪ ಬಟ್ಟೆ ಎಳೆದು ಕಟ್ಟಿ ರೆಸಿನ್ ಬಳೀಬೇಕಿತ್ತು. ದಪ್ಪ ಬಟ್ಟೆ ಹುಡುಕ್ತಾ ಯಾರು ಹೋಗ್ತಾರೆ? ನನ್ನ ಹಳೇ ಬನಿಯನ್ನುಗಳನ್ನ ಒಂದಕ್ಕೊಂದು ಹೊಲಿದು ಎಳೆದು ಕಟ್ಟಿದೆ. ಒಣಗಿದ ಮೇಲೆ ನೋಡ್ತೀನಿ, ಆ ಬನಿಯನ್ನುಗಳಲ್ಲಿದ್ದ ಅಷ್ಟೂ ತೂತು, ಅಷ್ಟೂ ಸುಕ್ಕು ಡಬ್ಬದ ಮುಖದ ಮೇಲೆ ಹಂಗಂಗೇ ಮೂಡಿದೆ. ತೂತಿದ್ರೆ ಗಾಳಿ ಸೋರತ್ತೆ. ಗಾಳಿ ಸೋರಿದ್ರೆ ಗುಮ್ ಅನ್ನಬೇಕಾದ್ದು ಪುಸ್ ಅನ್ನತ್ತೆ. ತೂತು ಮುಚ್ಚೋ ಪುಟ್ಟಿ ಮೆತ್ತೋಣ ಅಂದ್ರೆ ಪುಟ್ಟಿ ಖಾಲಿ, ಭಾನುವಾರ ಬೆಳಿಗ್ಗೆ, ಅಂಗಡಿಗಳೆಲ್ಲ ಬಾಗಿಲು ಹಾಕಿವೆ.

ಆಗ ನನ್ನ ಕಣ್ಣು ಅಡುಗೆಮನೆ ಕಡೆ ಹೋಯ್ತು. ರಾಗಿ ಹಿಟ್ಟಿನ ಡಬ್ಬ! ರೆಸಿನ್ ಇದೆ, ಹಾರ್ಡನರ್ ಇದೆ. ಬೇಕಾಗಿರೋದು ಒಂದು ನುಣುಪಾದ ಪುಡಿ ತಾನೇ? ಅಮೆರಿಕದವನಿಗೆ ಹೊಳೀದೇ ಇದ್ದದ್ದು ನನಗೆ ಹೊಳೀತು. ಪಾಪ, ಅವನ ಮನೇಲಿ ರಾಗಿ ಎಲ್ಲಿರತ್ತೆ.

ಮುದ್ದೆ ಪಾತ್ರೆ ತಂದೆ, ಮುದ್ದೆ ಕೋಲು ತಂದೆ, ಅಂಗಳದಲ್ಲಿ ಕೂತು ರೆಸಿನ್ ಸುರಿದೆ. ಬೇಗ ಒಣಗ್ಲಿ ಅಂತ ಹಾರ್ಡನರನ್ನ ತೊಟ್ಟು ಬಿಟ್ಟು ಧಾರೆ ಎರೆದೆ. ಹಿಟ್ಟೆಲ್ಲ ಒಟ್ಟಿಗೇ ಸುರಿದು ತಿರುವಿದ್ರೆ ನಿಂಬೆಹಣ್ಣಿನಂಥ ಗಂಟುಗಳು. ಗಂಟು ಒಡೆಯೋಣ ಅಂತ ಬಗ್ಗಿದ್ರೆ ಪಾತ್ರೆ ಸುಡ್ತಿದೆ. ಒಲೆ ಇಲ್ಲ, ಬೆಂಕಿ ಇಲ್ಲ, ಹೊಗೆ ಮಾತ್ರ ದಟ್ಟವಾಗಿ ಏಳ್ತಿದೆ. ನೋಡನೋಡ್ತಿದ್ದಂಗೆ ಪಾತ್ರೆ, ಹಿಟ್ಟು, ಕೋಲು ಮೂರೂ ಒಂದೇ ಆಗಿಹೋದವು. ಕೋಲು ಹಿಡಿದು ಎತ್ತಿದ್ರೆ ಪಾತ್ರೇನೂ ಜೊತೆಗೇ ಮೇಲೆ ಬಂತು.

ಅಮ್ಮ ಓಡಿ ಬಂದಳು. "ಅಯ್ಯೋ, ನಮ್ಮತ್ತೆ ಕೊಟ್ಟ ಕೋಲು ಕಣೋ ಅದು. ಈಗ ಮುದ್ದೆ ಹೆಂಗೆ ತಿರುವ್ಲಿ?"

"ಇವತ್ತೊಂದಿನ ಅನ್ನ ಉಣ್ಣೋಣ ಬಿಡಮ್ಮ."

"ಅನ್ನ ಉಂಡು ಉಂಡೇ ನಿನ್ನ ಬುದ್ಧಿ ಹಿಂಗಾಗಿರೋದು."

ಸುಕನ್ಯ ಬಂದಳು. ಪಾತ್ರೆ ನೋಡಿದಳು, ನನ್ನ ನೋಡಿದಳು. ಒಂದು ಮಾತು ಇಲ್ಲಿ ಹೇಳ್ಬೇಕು. ಹೆಣ್ಣು ನೋಡೋಕೆ ಹೋದಾಗ ನಮ್ಮಮ್ಮ ಇವಳನ್ನ ಹಾಡು ಹೇಳಮ್ಮ ಅಂತ ಕೇಳಿರ್ಲಿಲ್ಲ. ಒಂದು ಮುದ್ದೆ ಮಾಡಿಸಿ, ಮುರಿದು, ಒಳಗೆ ಗಂಟಿಲ್ಲ ಅಂತ ಖಾತ್ರಿ ಮಾಡ್ಕೊಂಡೇ ತಾಂಬೂಲ ತಗೊಂಡಿದ್ದಳು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಅದೇ ಡಿಗ್ರಿ.

"ಹಿಟ್ಟು ಹೆಂಗೆ ಹಾಕಿದ್ರಿ?" ಅಂದಳು.

"ಸುರಿದೆ."

"ಎಲ್ಲಾ ಒಟ್ಟಿಗೆ?"

"ಟೈಮಿಲ್ವಲ್ಲ."

"ಸರೀರಿ ಆ ಕಡೆ. ಆ ಬಾಟ್ಲಿ ಮೇಲೆ ಏನ್ ಬರ್ದಿದಾರೆ ಓದಿ."

ಓದಿದೆ. ಹಾರ್ಡನರ್ ಜಾಸ್ತಿಯಾದ್ರೆ ತಾನಾಗೇ ಕಾದು ಹೊಗೆ ಏಳತ್ತೆ ಅಂತಿತ್ತು. "ನೀವು ಅದನ್ನ ಓದ್ತಿರೋದು ಇದೇ ಮೊದಲು ತಾನೇ?" ಅಂದಳು. ನಾನು ಆಕಾಶ ನೋಡಿದೆ.

ಹಾಲಿನ ಕವರುಗಳನ್ನ ಕೈಗೆ ಸಿಕ್ಕಿಸಿಕೊಂಡು, ಹಳೇ ಪ್ಲಾಸ್ಟಿಕ್ ಮಗ್ಗಿನಲ್ಲಿ ಸ್ವಲ್ಪ ಸ್ವಲ್ಪವೇ ರೆಸಿನ್ ತಗೊಂಡಳು. ಹಿಟ್ಟು ಉದುರಿಸ್ತಾ, ತಿರುವ್ತಾ, ನುಣ್ಣಗಾದ ಮೇಲೆ ಕೊನೇಲಿ ಹಾರ್ಡನರ್, ಅದೂ ಉಪ್ಪು ಹಾಕೋ ಹಾಗೆ ಹಿಡಿತದಲ್ಲಿ. ಲಾರಿ ಹತ್ತಿ ಡಬ್ಬದ ಮುಖದ ಮೇಲೆ ಮೆತ್ತಿ ಅಂಗೈಯಲ್ಲಿ ಸವರಿದಳು. ಒಂದೊಂದೇ ತೂತು ಮುಚ್ಚಿಕೊಳ್ತು. ನಾನು ಕೆಳಗೆ ನಿಂತು ಬೆನ್ನು ಕೆರ್ಕೊಳ್ತಾ, "ಆ ಮೂಲೆ ಸ್ವಲ್ಪ ನೋಡ್ಕೋ," ಅಂತ ಉಸ್ತುವಾರಿ ವಹಿಸಿದೆ. ಅದೂ ಒಂದು ಕೆಲಸವೇ. ಒಣಗಿದ ಮೇಲೆ ಉಪ್ಪುಕಾಗದ ಹಾಕಿ ಉಜ್ಜಿದ್ದು ಮಾತ್ರ ನಾನೇ, ಸುಳ್ಳು ಹೇಳಲ್ಲ. ಬಣ್ಣ ಹೊಡೆಯೋಕೆ ಹೊತ್ತಿರ್ಲಿಲ್ಲ, ಬೇಕಾಗೂ ಇರ್ಲಿಲ್ಲ. ಒಳ್ಳೇ ಕಂದು ಮೈ, ಕನ್ನಡಿಯಷ್ಟು ನುಣುಪು.

ವೂಫರ್ ಕೂರಿಸಿ, ವೈರು ಸಿಕ್ಕಿಸಿ, ತಮಟೆ ಕ್ಯಾಸೆಟ್ ಹಾಕಿದೆ. ಗುಮ್! ಪಕ್ಕದ ಮನೆ ಜಟ್ಟೆಮ್ಮನ ಅಟ್ಟದಿಂದ ಕೊಳಗ ಉರುಳಿ ಬಿತ್ತು. ಲಾರಿ ನಂಬರ್ ಪ್ಲೇಟು ತಾನಾಗೇ ಕುಣೀತು. ಲಾರಿಗೆ ಒರಗಿ ನಿಂತಿದ್ದ ಅಮ್ಮ ಕಣ್ಣು ಮುಚ್ಚಿಕೊಂಡು, "ಇನ್ನೊಂಚೂರು ಜೋರಾಗಿ ಇಡೋ, ಬೆನ್ನಿನ ಕೆರೆತಕ್ಕೆ ಹಾಯಾಗೈತೆ," ಅಂದಳು.

ಮೂರು ಗಂಟೆಗೆ ಟಿನ್ ಫ್ಯಾಕ್ಟರಿ ದಾಟಿ ಕೆ.ಆರ್. ಪುರಕ್ಕೆ ನುಗ್ಗಿದೆ. ದಾರಿಯುದ್ದಕ್ಕೂ ಜನ ತಿರುಗಿ ತಿರುಗಿ ನೋಡಿದರು. ಬಷೀರ್ ಆಗಲೇ ತನ್ನ ಲಾರಿ ತಂದು ನಿಲ್ಲಿಸಿದ್ದ. ನನ್ನ ಸೌಂಡ್ ಕೇಳಿ ಇಳಿದು ಬಂದು, ಡಬ್ಬದ ಮೇಲೆ ಬೆರಳ ಗೆಣ್ಣಿನಿಂದ ಟಕಟಕ ಅಂತ ಬಡಿದು ನೋಡಿದ. "ಕ್ಯಾ ಬಾತ್ ಹೈ ಕೆಂಪಣ್ಣ. ಯಾವ ಊರಿನ ಮಾಲು ಇದು? ಸಿಂಗಾಪುರ?"

"ಕಗ್ಗದಾಸಪುರ," ಅಂದೆ. ಆ ಒಂದು ಮಾತು ಹೇಳೋಕೆ ನಾನು ಅಷ್ಟು ದಿನ ಕೆರ್ಕೊಂಡಿದ್ದು ಸಾರ್ಥಕ ಅನ್ನಿಸ್ತು. ಬಷೀರ್ ತನ್ನ ಲಾರಿಗೆ ಬೀಗ ಹಾಕಿ, ಅಂಗಿ ತೋಳು ಮಡಚಿ, ಕುಣಿಯೋರ ಗುಂಪಿಗೆ ಸೇರ್ಕೊಂಡ.

ಗಣಪತಿ ನನ್ನ ಲಾರಿ ಏರಿ ಕೂತ. ಮೈಕು ಹಿಡಿದು ಮಾವನೂ ಏರಿದರು. ಡಬ್ಬದ ಮೇಲೆ ಈ ತುದಿಯಿಂದ ಆ ತುದಿಗೆ ಕೈ ಆಡಿಸಿದರು.

"ಏನಿದು?"

"ಫೈಬರ್ ಗ್ಲಾಸ್, ಮಾವ. ಅಮೆರಿಕದ ಟೆಕ್ನಿಕ್ಕು."

ಅವರು ಹತ್ತಿರ ಬಗ್ಗಿ ನೋಡಿದರು. ಹುಟ್ಟಿದಾಗಿಂದ ರಾಗಿ ಬಿತ್ತಿ, ರಾಗಿ ಉಂಡ ಜೀವ. "ಇದು ರಾಗಿ," ಅಂದರು. ಇನ್ನೊಂದು ಸಲ ಕೈ ಆಡಿಸಿದರು. "ಒಂದೂ ಗಂಟಿಲ್ಲ. ಯಾರು ಕಲಸಿದ್ದು?"

ನಾನು ಜೋರಾಗಿ ಕೆಮ್ಮಿದೆ. ಸುಕನ್ಯ ಲಾರಿ ಪಕ್ಕ ನಿಂತು ಮೊಣಕೈಗೆ ಅಂಟಿದ್ದ ಪುಟ್ಟಿ ಕೀಳ್ತಿದ್ದಳು. ಮಾವ ಅವಳ ಕಡೆ ಬಗ್ಗಿದರು. ಅಪ್ಪ ಮಗಳು ಏನೋ ಪಿಸುಪಿಸು ಮಾತಾಡಿಕೊಂಡರು. ಮಾವ ತಲೆ ಆಡಿಸಿದರು, ಏನೋ ಕೇಳಿದರು, ಅವಳು ನನ್ನ ಕಡೆ ನೋಡಿ ಏನೋ ಹೇಳಿದಳು.

ಮೆರವಣಿಗೆ ಹೊರಟಿತು. ಏನು ಜನ, ಏನು ಕುಣಿತ! ಮಹಡಿ ಮೇಲೆಲ್ಲ ಹೆಂಗಸರು. ಕಿಟಕಿ ಗಾಜೆಲ್ಲ ತಾಳ ಹಾಕ್ತಿದ್ವು. ಸ್ಟೇರಿಂಗ್ ಹಿಡಿದ ನನಗೆ ಲಾರಿ ನೆಲದ ಮೇಲಿದೆ ಅನ್ನಿಸ್ಲೇ ಇಲ್ಲ. ಸರಿಯಾಗಿ ಊರ ನಡುವಿನ ಸರ್ಕಲ್ಲಿಗೆ ಬಂದಾಗ ಮಾವ ಹಾಡು ನಿಲ್ಲಿಸಿದರು. ಮೈಕಿಗೆ ಎರಡು ಸಲ ಊದಿದರು. ನಾನು ಕಿಟಕಿ ಕೆಳಗಿಳಿಸಿ, ಕಾಲರ್ ಸರಿ ಮಾಡ್ಕೊಂಡು, ಎಲ್ಲರಿಗೂ ಮುಖ ಕಾಣೋ ಹಾಗೆ ತಲೆ ಆಚೆ ಹಾಕಿದೆ.

"ಭಕ್ತಾದಿಗಳ ಗಮನಕ್ಕೆ! ಇಂದಿನ ಧ್ವನಿವರ್ಧಕ ಸೇವೆ, ಕಗ್ಗದಾಸಪುರದ ಶ್ರೀಮತಿ ಸುಕನ್ಯನವರು, ಸ್ವಂತ ಕೈಯಾರೆ!"

ಚಪ್ಪಾಳೆಯೋ ಚಪ್ಪಾಳೆ. ಅದು ನಿಲ್ಲೋ ತನಕ ಮಾವ ಕಾದರು.

"ಬನಿಯನ್ ಸೇವೆ, ಶ್ರೀ ಕೆಂಪರಾಜ್!"

ಕೆ.ಆರ್. ಪುರದ ಕಟ್ಟಕಡೆಯ ಮನೆಗೂ ಒಂದಕ್ಷರ ಬಿಡದೆ ಕೇಳಿಸ್ತು. ನಮ್ಮ ಡಬ್ಬ ಅಷ್ಟು ಚೆನ್ನಾಗಿ ಕೆಲಸ ಮಾಡ್ತಿತ್ತು.