ಮೊಸರನ್ನದಲ್ಲಿ ಮುರಿದ ಬೆಳ್ಳಿಗೆ

…‘ಆದರೆ’ ಎಂದು ಹಲ್ಲಿನ ಡಾಕ್ಟರು ಹೇಳಿದ್ದಂತೂ ನಿಜ, ಮಾನ್ಯರೇ. ಅದರ ಮುಂದೆ ಏನು ಹೇಳಿದರೆಂಬುದು ಮಾತ್ರ ನೆನಪಾಗುತ್ತಿಲ್ಲ. ‘ಬೆಳ್ಳಿ ಅಲ್ವೇ, ಹತ್ತು ವರ್ಷಕ್ಕೇನೂ ಮೋಸವಿಲ್ಲ, ಆದರೆ’ ಎಂಬಷ್ಟು ಕಿವಿಗೆ ಬಿದ್ದಿತ್ತು. ಕೋಲಾರದ ಆ ಕುರ್ಚಿಯಲ್ಲಿ ಬಾಯಿತುಂಬ ಹತ್ತಿ ತುರುಕಿಸಿಕೊಂಡು, ಹೊಲಿಗೆ ಯಂತ್ರದಂತೆ ಕಾಲಲ್ಲಿ ತುಳಿಯುವ ಬೈರಿಗೆಯ ಸದ್ದನ್ನು ತಲೆಯೊಳಗೆ ಇನ್ನೂ ಕೇಳುತ್ತ ಕುಳಿತಿದ್ದ ನಾನು, ‘ಮೋಸವಿಲ್ಲ’ ಎಂಬಲ್ಲಿಗೇ ಎದ್ದು ಕೋಟು ಹಾಕಿಕೊಂಡಿದ್ದೆ.

ಬಲಗಡೆಯ ಕೆಳದವಡೆಯಲ್ಲಿ, ಕೊನೆಯಿಂದ ಎರಡನೆಯ ಹಲ್ಲಿನ ಕುಳಿಯಲ್ಲಿ, ೧೯೩೨ರಿಂದ ಬಿಡಾರ ಮಾಡಿಕೊಂಡಿರುವ ಬೆಳ್ಳಿಯ ತುಂಬಿಕೆಯಾದ ತಮಗೆ ಮುಳಬಾಗಿಲಿನ ಗುಮಾಸ್ತ ಸೀತಾರಾಮಯ್ಯನು ಮಾಡುವ ನಮಸ್ಕಾರಗಳು. ತಾವು ನನ್ನ ಬಾಯಲ್ಲೇ ಇರುವುದರಿಂದ ಈ ಪತ್ರವನ್ನು ಅಂಚೆಗೆ ಹಾಕದೆ ಪತ್ರಿಕೆಗೆ ಕಳಿಸುತ್ತಿದ್ದೇನೆ. ಹತ್ತಿರದವರಿಗೆ ಏನನ್ನಾದರೂ ತಿಳಿಸಲು ನಮ್ಮಲ್ಲಿ ಇದಕ್ಕಿಂತ ನೇರವಾದ ದಾರಿಯಿಲ್ಲ.

ಹನ್ನೆರಡು ವರ್ಷ ಒಂದು ದಿನವೂ ರಜೆ ಹಾಕದೆ, ವರ್ಗವನ್ನೂ ಕೇಳದೆ ತಾವು ಸಲ್ಲಿಸಿದ ಸೇವೆಯನ್ನು ಎಷ್ಟು ಹೊಗಳಿದರೂ ಸಾಲದು. ಅದರಲ್ಲೂ ನಾನು ಮೆಚ್ಚುವುದು ತಮ್ಮ ತಪ್ಪನ್ನು ಇತರರ ಮೇಲೆ ಹೊರಿಸುವ ಜಾಣತನವನ್ನು. ಹೂಜಿಯ ನೀರು ಕುಡಿದಾಗ ಕಿವಿಯವರೆಗೆ ಚುಳ್ಳೆಂದರೆ ನಾನು ಹೂಜಿಯನ್ನು ಬಯ್ದೆ. ಊಟವಾದಾಗಲೆಲ್ಲ ಅದೇ ಸಂದಿನಲ್ಲಿ ಸೊಪ್ಪಿನ ನಾರು ಸಿಕ್ಕಿಕೊಂಡರೆ ಹೆಂಡತಿ ರಾಧಮ್ಮ ಸೊಪ್ಪು ಹೆಚ್ಚುವ ರೀತಿಯನ್ನು ಬಯ್ದೆ. ನಾಲಗೆ ತಮ್ಮ ಅಂಚನ್ನು ತಡವಿ ತಡವಿ ‘ಇಲ್ಲಿ ಒರಟಾಗಿದೆ’ ಎಂದು ವರದಿ ಕೊಟ್ಟರೆ, ಅದಕ್ಕೆ ಕೆಲಸವಿಲ್ಲವೆಂದುಕೊಂಡೆ. ಕನ್ನಡಿಯಲ್ಲಿ ಕಂಡ ಕಪ್ಪು ಗೆರೆಯನ್ನಂತೂ ವಯಸ್ಸಾದ ಬೆಳ್ಳಿಗೆ ಸಹಜವಾಗಿ ಬರುವ ಗಾಂಭೀರ್ಯವೆಂದೇ ತಿಳಿದೆ.

ಇಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ನಮ್ಮ ಬೀದಿಯ ಒಂಬತ್ತು ಮನೆಗಳ ಉಪ್ಪಿನಕಾಯಿಗೆ ಗೌನಿಪಲ್ಲಿಯ ರಾಮಚಂದ್ರಪ್ಪನವರ ಒಂದೇ ಮಾವಿನ ಮರದ ಕಾಯಿ ಗಾಡಿಯಲ್ಲಿ ಬರುತ್ತಿದ್ದುದೂ, ವಾಟೆ ಎಂಬ ಒಳಗೊರಟು ಕಟ್ಟಿದೆಯೇ, ಮೀರಿ ಬಲಿತಿದೆಯೇ ಎಂದು ಮೊದಲ ಹೋಳನ್ನು ಕಚ್ಚಿ ತೀರ್ಪು ಹೇಳುವ ಗೌರವ ನನ್ನದಾಗಿದ್ದುದೂ ತಮಗೆ ಗೊತ್ತಿದೆ. ನಾನು ಕಚ್ಚುತ್ತಿದ್ದುದು ತಮ್ಮಿಂದಲೇ. ಮೂರು ಬೇಸಿಗೆ ಕಚ್ಚಿದೊಡನೆ ನೋವು ಕೊಟ್ಟವರು ತಾವು. ‘ವಾಟೆ ಕಲ್ಲಾಗಿದೆ, ಕಾಯಿ ಬೇಡ’ ಎಂದು ಉಗಿದವನು ನಾನು. ಮೊದಲೆರಡು ವರ್ಷ ರಾಮಚಂದ್ರಪ್ಪನವರು ಗಾಡಿ ತಿರುಗಿಸಿಕೊಂಡು ಹೋದರು. ಹೋದ ವರ್ಷ ಮಾತ್ರ ಅದೇ ಕಾಯಿಯ ಇನ್ನೊಂದು ಹೋಳನ್ನು ಎಲ್ಲರೆದುರು ಅವರೇ ಕಟುಮ್ಮೆಂದು ಕಡಿದು, ‘ಸಾಮೀ, ವಾಟೆ ಇನ್ನೂ ಎಳೇದು, ನನ್ನ ಮೊಮ್ಮಗೂನೂ ಕಡೀತದೆ. ಒಂದ್ಸಲ ಎಡಗಡೆ ಕಚ್ಚಿ ನೋಡಿ’ ಎಂದರು. ಬೆಳ್ಳಿಯಿರುವುದು ಬಲಗಡೆ, ಎಡಗಡೆ ಕಚ್ಚುವುದು ತಮಗೆ ಮಾಡುವ ಅವಮಾನವಲ್ಲವೇ? ನಾನು ಕಚ್ಚಲಿಲ್ಲ. ಒಂಬತ್ತು ಮನೆಯವರೂ ನನ್ನ ಹಲ್ಲನ್ನು ನಂಬಿದರು.

ಆಮೇಲೆ ಸುದ್ದಿ ತಂದವಳು ರಾಧಮ್ಮ. ‘ಆ ಮರ ಕಡಿಸಿಬಿಟ್ರಂತೆ ರೀ. ಅಯ್ಯನೋರ ಹಲ್ಲಿಗೆ ಆಗದ್ದು ಇದ್ದಲಿಗಾದ್ರೂ ಆಗ್ಲಿ ಅಂದ್ರಂತೆ.’ ಯುದ್ಧ ಬಂದ ಮೇಲೆ ಪೆಟ್ರೋಲಿಲ್ಲದ ಬಸ್ಸುಗಳು ಇದ್ದಲಿನ ಗ್ಯಾಸಿನಲ್ಲಿ ಓಡುವುದರಿಂದ, ಇದ್ದಲಿಗೆ ಈಗ ಉಪ್ಪಿನಕಾಯಿಗಿಂತ ಹೆಚ್ಚು ಗಿರಾಕಿ.

ಹೀಗಿರುವಲ್ಲಿ, ಕಳೆದ ಗುರುವಾರ ಮಧ್ಯಾಹ್ನ, ಮೊಸರನ್ನ ಉಣ್ಣುವಾಗ ತಮ್ಮ ಮೂರನೆಯ ಒಂದು ಭಾಗ ಕಳಚಿ ನನ್ನ ನಾಲಗೆಯ ಮೇಲೆ ಬಿತ್ತು. ಕಲ್ಲನ್ನೋ ರಾಗಿಯನ್ನೋ ವಾಟೆಯನ್ನೋ ಬಯ್ಯಬಹುದು. ಮೊಸರನ್ನದ ಮೇಲೆ ದೋಷ ಹೊರಿಸಲು ನನ್ನಿಂದಲೂ ಆಗಲಿಲ್ಲ. ಎದ್ದುಹೋಗಿ ಅಡಿಗೆಮನೆಯಲ್ಲಿದ್ದ ಮಾವಿನಕಾಯಿಯೊಂದನ್ನು ಸೀಳಿ ಎರಡೂ ಕಡೆ ಕಚ್ಚಿ ನೋಡಿದೆ. ಬಲಗಡೆಗೆ ಕಲ್ಲು, ಎಡಗಡೆಗೆ ಎಳಸು, ಕಾಯಿ ಒಂದೇ. ರಾಧಮ್ಮ ನೋಡುತ್ತ ನಿಂತಿದ್ದಳು. ‘ನಿಮ್ಮ ಮಾತಿಗೆ ಹೂಜೀನೂ ಬದಲಾಯಿಸಿದ್ದಾಯ್ತು’ ಎಂದಷ್ಟೇ ಹೇಳಿದಳು.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಏನೆಂದರೆ, ತಮ್ಮ ಜಾಗಕ್ಕೆ ಬರುವವರು ಬಿರುಕು ಬಿಡುವ ಒಂದು ತಿಂಗಳು ಮುಂಚೆ ಛಾಪಾ ಕಾಗದದಲ್ಲಿ ತಿಳಿಸುವಂತೆ ಅವರಿಗೆ ಬುದ್ಧಿ ಹೇಳಿ ಹೋಗಬೇಕು. ಹೋಗುವ ಮೊದಲು ಗೌನಿಪಲ್ಲಿಗೆ ಒಮ್ಮೆ ಹೋಗಿ, ರಾಮಚಂದ್ರಪ್ಪನವರ ಮನೆಮಾತಾದ ತೆಲುಗಿನಲ್ಲಿ ನನಗೆ ಬಾರದಷ್ಟು ಚೆನ್ನಾಗಿ ಕ್ಷಮೆ ಕೇಳಿ, ಸಾಧ್ಯವಾದರೆ ಆ ಮರವನ್ನು ಮೊದಲಿದ್ದಲ್ಲಿಯೇ ನಿಲ್ಲಿಸಬೇಕು. ಇದು ಕಷ್ಟವೆನಿಸಿದರೆ, ನೋವೆಂಬುದು ಕಚ್ಚಿದ ವಸ್ತುವಿನದೋ ಕಚ್ಚಿದವನದೋ ಎಂದು ತಿಳಿಯುವ ಉಪಾಯವನ್ನಾದರೂ ಬರೆದಿಡಬೇಕು. ಡಾಕ್ಟರ ‘ಆದರೆ’ಯ ಮುಂದೆ ಅದೇ ಇತ್ತೋ ಏನೋ.

ಸೋಮವಾರದವರೆಗೆ ಮಾತ್ರ
ತಮ್ಮ ವಿಶ್ವಾಸಿ,
ಸೀತಾರಾಮಯ್ಯ
ಮುಳಬಾಗಿಲು, ಮೇ ೧೯೪೪

ತಾ.ಕ.: ಸೋಮವಾರ ತಮ್ಮನ್ನು ಕೀಳಿಸಲು ಕೋಲಾರಕ್ಕೆ ಹೊರಟಿದ್ದೇವೆ. ಈ ಸಲ ಡಾಕ್ಟರು ಮಾತು ಮುಗಿಸುವವರೆಗೆ ನಾನು ಕುರ್ಚಿಯಿಂದ ಏಳುವುದಿಲ್ಲ. ಬಸ್ಸು ಇದ್ದಲಿನದು, ತಮಗೆ ಹೊಗೆ ತಾಗದಂತೆ ಬಾಯಿ ಮುಚ್ಚಿಕೊಂಡಿರುತ್ತೇನೆ, ಅದನ್ನು ಮೂರು ವರ್ಷ ಮುಂಚೆಯೇ ಮಾಡಬಹುದಿತ್ತು. ರಾಮಚಂದ್ರಪ್ಪನವರೇ, ಆ ಬಸ್ಸಿನ ಹಿಂದಿನ ಒಲೆಯಲ್ಲಿ ಉರಿಯುವುದು ಯಾವ ಮರ?