ಕೋಟೆಯಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದು

ನಮ್ಮ ನೇತ್ರಾಳಿಗೆ ಗಂಡು ಗೊತ್ತಾಯಿತು. ಹುಡುಗ ಒಪ್ಪಿದ, ಹುಡುಗಿ ಒಪ್ಪಿದಳು, ಹುಡುಗನ ಅವ್ವ ಇಬ್ಬರಿಗಿಂತ ಒಂದು ಕೈ ಹೆಚ್ಚಾಗಿಯೇ ಒಪ್ಪಿದಳು. ಬರೆಯುವುದು ತಿಳಿದವರು ಇಂಥದ್ದನ್ನು ಕೊನೆಗೆ ಇಟ್ಟುಕೊಳ್ಳುತ್ತಾರಂತೆ. ನಾನು ನಾಲ್ಕನೇ ಕ್ಲಾಸಿನಲ್ಲಿ ಸ್ಲೇಟು ಕೆಳಗಿಟ್ಟು ಕುರಿಯ ಹಿಂದೆ ಹೋದವನು. ಸಂತೋಷವನ್ನು ಅಷ್ಟು ಹೊತ್ತು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ವಿದ್ಯೆ ನನಗೆ ಯಾರೂ ಕಲಿಸಲಿಲ್ಲ.

ನೇತ್ರಾ ನನ್ನ ಮಗನ ಮಗಳು. ಆನವಟ್ಟಿಯ ಹತ್ತಿರದ ನಮ್ಮೂರಿನಿಂದ ದಿನಾ ಬಸ್ಸಿಗೆ ಹೋಗಿ ಬಿ.ಎ. ಮುಗಿಸಿ, ಮಾರನೇ ದಿನವೇ ಕುರಿ ಹಟ್ಟಿಗೆ ಇಳಿದಳು. ಈಗ ಸೂಜಿ ಹಾಕುವುದು, ಫೋನಿನಲ್ಲಿ ವ್ಯಾಪಾರ ಮಾಡುವುದು ಎಲ್ಲಾ ಅವಳದೇ. ನನಗೆ ಉಳಿದಿರುವುದು ಕುರಿಯ ಬಗ್ಗೆ ಮಾತಾಡುವ ಕೆಲಸ ಮಾತ್ರ. ಹೋದ ವರ್ಷ ಒಂದು ಕಡೆಯವರು ಅವಳನ್ನು ನೋಡಲು ಮನೆಗೇ ಬಂದಿದ್ದರು. ಚಾ ಕುಡಿಯುತ್ತಿದ್ದಾಗ ಒಂದು ಮರಿ ಒಳಗೆ ನುಗ್ಗಿ ಹುಡುಗನ ಸೋದರತ್ತೆಯ ಸೆರಗನ್ನು ಗೇಣುದ್ದ ತಿಂದುಹಾಕಿತು. ಸೀರೆಯ ತುಂಬ ಹಸಿರು ಎಲೆಯ ಚಿತ್ತಾರವಿತ್ತು. ಮರಿಯದೇನು ತಪ್ಪು ಎಂದು ಅವತ್ತೂ ಕೇಳಿದೆ, ಇವತ್ತೂ ಕೇಳುತ್ತೇನೆ. ಕುರಿ ವಾಸನೆಯ ಮನೆಯಿಂದ ಹೆಣ್ಣು ತರುವುದಿಲ್ಲ ಎಂದು ಅವರು ಹೇಳಿ ಕಳಿಸಿದರು. ನೇತ್ರಾ ಎರಡು ದಿನ ಹಟ್ಟಿಯಲ್ಲೇ ಕೂತಿದ್ದಳು. ನಗುವ ಹುಡುಗಿ ಮಾತಿಲ್ಲದೆ ಕೂತರೆ ಮನೆ ಮನೆಯಾಗಿರುವುದಿಲ್ಲ.

ಹಾಗಾಗಿ ಕುಪ್ಪಗಡ್ಡೆಯ ಸಂಬಂಧ ಬಂದಾಗ ಅವಳು ಒಂದು ಷರತ್ತು ಹಾಕಿದಳು. ಕುರ್ಚಿಯ ಮೇಲೆ ಕೂತು ತಾನು ತಲೆ ತಗ್ಗಿಸುವುದಿಲ್ಲ, ಎಲ್ಲಾದರೂ ನಡೆದಾಡುತ್ತಾ ನೋಡೋಣ ಎಂದಳು. ಹುಡುಗ ಮಂಜುನಾಥ ಕುಮಟಾದಲ್ಲಿ ಬಸ್ಸುಗಳ ಮೆಕ್ಯಾನಿಕ್ಕು. ಅಲ್ಲೇ ಹತ್ತಿರ ಮಿರ್ಜಾನ್ ಕೋಟೆ ಇದೆ, ಎರಡು ಮನೆಯವರೂ ಭಾನುವಾರ ಅಲ್ಲಿಗೆ ಬರಲಿ ಎಂದು ಅವನೇ ಹೇಳಿದ. ನನಗೋ ಪ್ರವಾಸವೆಂದರೆ ಅಂಬ್ಲಿಗೊಳದ ಕೆರೆ ಏರಿಯವರೆಗೆ ಕುರಿ ಹೊಡೆದುಕೊಂಡು ಹೋದದ್ದು. ಕೋಟೆ ನೋಡುತ್ತೇನೆಂದು ರುಮಾಲು ಇಸ್ತ್ರಿ ಮಾಡಿಸಿದೆ.

ಹೊರಡುವ ಹಿಂದಿನ ದಿನ ಮಗ ನನ್ನ ಮುಂದೆ ಕೂತು, ನಾಳೆ ಒಂದು ದಿನ ಕುರಿ ಮಾತು ಎತ್ತಬೇಡ ಎಂದು ಬೇಡಿಕೊಂಡ. ಮೊದಲು ಹುಡುಗ ಹುಡುಗಿ ಒಪ್ಪಲಿ, ಆಮೇಲೆ ನಿಧಾನಕ್ಕೆ ಹೇಳಿದರಾಯಿತು ಎಂಬುದು ಅವನ ಲೆಕ್ಕ. ನೇತ್ರಾಳಿಗೆ ಇದು ಸರಿಬರಲಿಲ್ಲ. ಅವರಾಗಿ ಕೇಳಿದರೆ ತಾನು ಸುಳ್ಳು ಹೇಳುವುದಿಲ್ಲ ಎಂದಳು. ನಾನು ಆಗಲಿ ಎಂದೆ. ನಮ್ಮಾಕೆ ನಂಬಲಿಲ್ಲ. ಮಳೆಯ ಮಾತು ಬಂದರೆ ನಾನು ಹುಲ್ಲಿಗೆ ಬರುತ್ತೇನೆ, ಹುಲ್ಲಿನಿಂದ ಕುರಿಗೆ ಎಷ್ಟು ದೂರ? ಅದಕ್ಕೆ ಅವಳು ಒಂದು ಉಪಾಯ ಮಾಡಿದಳು. ವ್ಯಾನು ಶಿರಸಿ ದಾಟಿದ ಮೇಲೆ ನಾನು ಬಾಯಿ ತೆರೆದಾಗಲೆಲ್ಲ ಒಂದೊಂದು ಎಲೆಅಡಿಕೆ ಮಡಿಚಿ ಒಳಗೆ ಇಟ್ಟಳು. ಕೋಟೆಯ ಮುಂದೆ ಇಳಿದಾಗ ನನ್ನ ಬಾಯಲ್ಲಿ ಎರಡು ಕೆನ್ನೆ ತುಂಬ ಕೆಂಪು ರಸ. ಎದುರಿಗೆ ಬೋರ್ಡು: ಇಲ್ಲಿ ಉಗುಳಬಾರದು. ನಾಲ್ಕನೇ ಕ್ಲಾಸಿನ ಓದು ಅಷ್ಟು ವರ್ಷದ ಮೇಲೆ ಕೆಲಸಕ್ಕೆ ಬಂದದ್ದು ಹೀಗೆ.

ಕೋಟೆಯೆಂದರೆ ಏನು ಕೋಟೆ ಸ್ವಾಮಿ ಅದು. ಕೆಂಪು ಕಲ್ಲಿನ ಗೋಡೆ, ಮಳೆಗಾಲ ಮುಗಿದ ಹೊಸದರಲ್ಲಿ ಮೇಲೆಲ್ಲ ಹಸಿರು ಪಾಚಿ. ಬಾಗಿಲು ನೇರಕ್ಕಿಲ್ಲ, ತಿರುಗಿ ತಿರುಗಿ ಹೋಗಬೇಕು. ತೋಳ ಬಂದರೂ ದಾರಿ ತಪ್ಪುತ್ತದೆ. ಒಳಗೆ ಪಾದ ಮುಳುಗುವ ಹುಲ್ಲು, ಬಾವಿ ಬೇರೆ. ಸಾವಿರ ಕುರಿ ಕೂಡಿ ಹಾಕಿ ನೆಮ್ಮದಿಯಾಗಿ ನಿದ್ದೆ ಮಾಡಬಹುದು. ಇಂಥ ಜಾಗವನ್ನು ಖಾಲಿ ಬಿಟ್ಟಿದ್ದಾರಲ್ಲ ಎಂದು ಹೊಟ್ಟೆ ಉರಿಯಿತು. ಹೇಳೋಣವೆಂದರೆ ಬಾಯಿ ತುಂಬಿದೆ. ಹುಡುಗನ ಅಪ್ಪ ಪಕ್ಕದಲ್ಲಿ ನಡೆಯುತ್ತಾ ನಿಮ್ಮ ಕಡೆ ಮಳೆ ಹೇಗೆ ಎಂದು ಕೇಳಿದರು. ಊಂ ಎಂದೆ. ಬೆಳೆ ಹೇಗೆ ಎಂದರು. ಸ್ವಲ್ಪ ಉದ್ದಕ್ಕೆ ಊಂ ಎಂದೆ. ಅವರು ಹೆಂಡತಿಯ ಕಡೆ ತಿರುಗಿ, ಅಜ್ಜ ಬಹಳ ಗಂಭೀರ ಸ್ವಭಾವದವರು ಎಂದು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ನನ್ನ ಜೀವಮಾನದಲ್ಲಿ ಈ ಮಾತು ಅದೇ ಮೊದಲು.

ನೇತ್ರಾ, ಮಂಜುನಾಥ ಇಪ್ಪತ್ತು ಹೆಜ್ಜೆ ಮುಂದಿದ್ದರು. ಗೋಡೆಯಲ್ಲಿ ತುಪಾಕಿ ಇಡುವ ಒಂದು ಕಿಂಡಿ. ಅದರೊಳಗೆ ಯಾರದ್ದೋ ಆಡಿನ ಮರಿ ತಲೆ ತೂರಿಸಿ ಸಿಕ್ಕಿಹಾಕಿಕೊಂಡಿತ್ತು. ಕೊಂಬು ಕಲ್ಲಿಗೆ ತಗುಲಿ ಹಿಂದಕ್ಕೆ ಬರಲಾರದೆ ಅರಚುತ್ತಿತ್ತು. ಸುತ್ತ ಜನ ಫೋಟೋ ತೆಗೆಯುತ್ತಿದ್ದರು. ಹುಡುಗಿಯ ಮುಂದೆ ಸುಮ್ಮನಿರಬಾರದು ಅನ್ನಿಸಿತೋ ಏನೋ, ಮಂಜುನಾಥ ಹೋಗಿ ಮರಿಯ ಎರಡೂ ಹಿಂಗಾಲು ಹಿಡಿದು ಜಗ್ಗತೊಡಗಿದ. ಉಗುಳೋಣವೆಂದರೆ ಅಲ್ಲೂ ಅದೇ ಬೋರ್ಡು. ನಾನು ಬೋರ್ಡು ನೋಡಿದೆ, ಮರಿಯ ಕುತ್ತಿಗೆ ನೋಡಿದೆ, ಬಾಯಲ್ಲಿದ್ದದ್ದನ್ನೆಲ್ಲ ಒಂದೇ ಗುಟುಕಿಗೆ ನುಂಗಿದೆ.

"ಎಳೀಬ್ಯಾಡೋ, ಕುತ್ತಿಗೆ ಮುರೀತದೆ. ನೇತ್ರಾ, ನಮ್ಮ ಹಟ್ಟಿ ಬಿದಿರು ತಟ್ಟೀಲಿ ಸಿಕ್ಕಿದ್ದನ್ನ ಬಿಡಿಸ್ತೀಯಲ್ಲ, ಹಂಗೆ ಬಿಡಸೇ."

ಎಲೆಯ ಸುಣ್ಣಕ್ಕೆ ಗಂಟಲು ಸುಟ್ಟು ಕಣ್ಣಲ್ಲಿ ದಳದಳ ನೀರು. ಹುಡುಗನ ಅವ್ವ ನನ್ನನ್ನೇ ನೋಡಿದಳು. ಮರಿಗಾಗಿ ಅಳುತ್ತಿದ್ದೇನೆ ಎಂದುಕೊಂಡಳಂತೆ. ನೇತ್ರಾ ದುಪ್ಪಟ್ಟಾ ತೆಗೆದು, ಕಿಂಡಿಯೊಳಗೆ ಕೈ ತೂರಿಸಿ ಮರಿಯ ಕಣ್ಣಿಗೆ ಹೊದಿಸಿದಳು. ಮರಿ ತೆಪ್ಪಗಾಯಿತು. ದವಡೆಯ ಕೆಳಗೆ ಎರಡು ಬೆರಳಿಟ್ಟು ಮುಖವನ್ನು ಓರೆ ಮಾಡಿದಳು. ಮೊದಲು ಒಂದು ಕೊಂಬು ಬಂತು, ಆಮೇಲೆ ಇನ್ನೊಂದು. ಹೊರಬಂದ ಮರಿ ಮಂಜುನಾಥನ ಎದೆಗೆ ಒದ್ದು, ಬಿಳಿ ಅಂಗಿಯ ಮೇಲೆ ಒಂದು ಮುಷ್ಟಿ ಹಿಕ್ಕೆ ಉದುರಿಸಿ ಓಡಿತು.

ಆಗ ಹುಡುಗನ ಅವ್ವ ಹತ್ತಿರ ಬಂದು, ಮನೆಯಲ್ಲಿ ಎಷ್ಟು ಕುರಿ ಎಂದು ಕೇಳಿದಳು. ನನ್ನ ಮಗ ನೆಲ ನೋಡಿದ. ನಮ್ಮಾಕೆಯ ಕೈ ಎಲೆಯ ಚೀಲಕ್ಕೆ ಹೋಯಿತು. ಕೆಡಿಸಿದೆ ಮುದುಕಾ ಎಂದು ನನಗೆ ನಾನೇ ಅಂದುಕೊಂಡೆ. ನೇತ್ರಾ ತಲೆ ಎತ್ತಿಯೇ ಹೇಳಿದಳು.

"ನೂರಾ ಹತ್ತು, ಮರಿ ಬಿಟ್ಟು. ಅದರಾಗೆ ಇಪ್ಪತ್ತು ನಂದೇ. ನಾನು ಎಲ್ಲಿಗೆ ಹೋದ್ರೂ ನನ್ನ ಜೊತೆ ಬರ್ತಾವೆ."

ಆ ಹೆಂಗಸು ಗಂಡನ ಕಡೆ ತಿರುಗಿದಳು. "ಕೇಳಿಸ್ತೇನ್ರೀ? ಬ್ಯಾಸಿಗೇಲಿ ಗದ್ದೇಲಿ ಕುರಿ ನಿಲ್ಸಿ ಅಂತ ಊರೂರು ತಿರುಗಿ ಚಪ್ಪಲಿ ಸವೆಸ್ತೀರಲ್ಲ, ಇಲ್ಲಿ ಮನೆಗೇ ಬರ್ತಾವಂತೆ." ಆಮೇಲೆ ನನ್ನ ಕಡೆಗೆ, "ಯಾಕ್ರೀ ಅಜ್ಜಾರೇ, ಇಂಥಾದ್ದನ್ನ ಯಾರಾದ್ರೂ ಮುಚ್ಚಿಡ್ತಾರಾ?"

ಕೊಯ್ಲಾದ ಗದ್ದೆಯಲ್ಲಿ ನಾಲ್ಕು ರಾತ್ರಿ ಕುರಿ ನಿಂತರೆ ಆ ವರ್ಷ ಬೇರೆ ಗೊಬ್ಬರ ಬೇಡ. ಅದಕ್ಕಾಗಿ ಭತ್ತದವರು ನಮ್ಮಂಥವರನ್ನು ಹುಡುಕಿಕೊಂಡು ಬರುವುದನ್ನು ನಾನು ಐವತ್ತು ವರ್ಷ ನೋಡಿದ್ದೇನೆ. ಆದರೂ ಕುಪ್ಪಗಡ್ಡೆಯ ಗದ್ದೆಯವರ ಮುಂದೆ ಕುರಿ ಬಚ್ಚಿಡಲು ಎಲೆ ಮೆಲ್ಲುತ್ತಾ ಬಂದಿದ್ದೆ. ಇಂಥ ಬುದ್ಧಿ ಕುರಿಗೂ ಇರುವುದಿಲ್ಲ.

ಮಂಜುನಾಥ ಅಂಗಿ ನೋಡಿಕೊಂಡು, ತನಗೆ ಇಂಜಿನ್ನು ಬಿಟ್ಟರೆ ಏನೂ ತಿಳಿಯದು, ಕುರಿ ಹಿಡಿಯುವುದು ಕಲಿಸುತ್ತೀರಾ ಎಂದು ಕೇಳಿದ. "ಕಲಿಸ್ತೀನಿ," ಎಂದಳು ನೇತ್ರಾ, "ಮೊದ್ಲು ಅದನ್ನ ಜಾಡಿಸ್ಕೊಳ್ರೀ." ಹೇಳಿ ನಕ್ಕಳು. ಒಂದು ವರ್ಷದಿಂದ ನಾನು ಕೇಳದಿದ್ದ ನಗೆ. ಈ ಸಲ ನನ್ನ ಕಣ್ಣಲ್ಲಿ ನೀರು ಬಂದದ್ದು ಸುಣ್ಣದಿಂದಲ್ಲ.

ಅಲ್ಲಿಂದ ಬೀಗರು ನಮ್ಮನ್ನು ಬಿಡಲೇ ಇಲ್ಲ. ಕುಪ್ಪಗಡ್ಡೆಗೇ ಕರೆದುಕೊಂಡು ಹೋದರು. ಸಂಜೆ ನಡುಮನೆಯಲ್ಲಿ ಎರಡು ಮನೆಯವರೂ ಒಂದೇ ಸಾಲಿನಲ್ಲಿ ಕೂತೆವು. ಅಕ್ಕಿ ರೊಟ್ಟಿ, ಬದನೆಕಾಯಿ ಪಲ್ಯ, ಶಾವಿಗೆ ಪಾಯಸ. ಮನೆಯಲ್ಲೇ ಉಳಿದಿದ್ದ ಮಂಜುನಾಥನ ಅಜ್ಜಿ ನನ್ನ ಎದುರು ಕೂತು, ತಾನಂತೂ ನೋಡಿಲ್ಲ, ಕೋಟೆ ಯಾರು ಕಟ್ಟಿಸಿದ್ದು, ಯಾವ ಕಾಲದ್ದು ಎಂದು ಆಸೆಯಿಂದ ಕೇಳಿದಳು. ನಾನು ಮಗನ ಮುಖ ನೋಡಿದೆ, ಮಗ ಬೀಗರ ಮುಖ ನೋಡಿದ. ಹೋಗಿದ್ದ ಅಷ್ಟೂ ಜನರಲ್ಲಿ ಒಬ್ಬರಿಗೂ ಗೊತ್ತಿಲ್ಲ. "ಭಾರಿ ಚೆನ್ನಾಗೈತೆ ಅಜ್ಜಿ," ಎಂದು ಹೇಳಿ, ಇನ್ನೊಂದು ರೊಟ್ಟಿಗೆ ತಟ್ಟೆ ಒಡ್ಡಿದೆ.